ನಾನು ಕೆರೆದು ಹಾಕಿದ ಹೆಸರು

ಒಂದು ಹಾಡು ಹಾಡಿದ ಹೆಂಗಸು ಸತ್ತುಹೋಗಿದ್ದಾಳೆ ಎಂದು ಇಪ್ಪತ್ತೆಂಟು ವರ್ಷ ಮೈಕು ಹಿಡಿದು ಊರಿಗೆಲ್ಲ ಸಾರಿದವನು ನಾನು. ಆ ಹೆಂಗಸಿನ ಹೆಸರು ಎದಿಲ್ಸಾ ಚಾರಿಸ್. ಆ ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ವರ್ಷ ಅವಳು ನನ್ನ ಮನೆಯಿಂದ ನಾಲ್ಕು ಬಾಗಿಲಾಚೆ, ಬರಾಂಕಿಯಾ ಎಂಬ ಬಂದರು ಊರಿನ ರೆಬೋಲೊ ಕೇರಿಯ ನಮ್ಮದೇ ಬೀದಿಯಲ್ಲಿ, ಕುದಿಯುವ ಎಣ್ಣೆಯ ಮುಂದೆ ನಿಂತು ಅರೆಪಾ ಕರಿಯುತ್ತಿದ್ದಳು. ದಿನಾ ಬೆಳಿಗ್ಗೆ ಅವಳ ಕೈಯಿಂದ ಎರಡು ಅರೆಪಾ ತಿಂದೇ ನನ್ನ ದಿನ ಶುರುವಾಗುತ್ತಿತ್ತು.

ಮೊದಲು ಅವಳ ಅರೆಪಾದ ಮಾತು ಹೇಳಿಬಿಡುತ್ತೇನೆ, ಏಕೆಂದರೆ ಊರು ಅವಳನ್ನು ಬಲ್ಲದ್ದು ಅದರಿಂದಲೇ. ಜೋಳದ ಹಿಟ್ಟನ್ನು ಅಂಗೈಯಗಲ ತಟ್ಟಿ ಎಣ್ಣೆಗೆ ಬಿಡಬೇಕು. ಉಬ್ಬಿದ ಕೂಡಲೇ ತೆಗೆದು, ಅಂಚಿನಲ್ಲಿ ಬೆರಳಗಲ ಸೀಳಿ, ಆ ಸೀಳಿನೊಳಗೆ ಹಸಿ ಮೊಟ್ಟೆ ಇಳಿಸಿ, ಬಾಯಿ ಒತ್ತಿ ಮತ್ತೆ ಎಣ್ಣೆಗೆ ಬಿಡಬೇಕು. ಹತ್ತು ಮಾಡಿದರೆ ಎರಡು ಒಡೆದು ಎಣ್ಣೆಯೆಲ್ಲ ಲೋಳೆಯಾಗುವುದು ಎಲ್ಲರ ಕೈಯಲ್ಲೂ ಇದ್ದದ್ದೇ. ಎದಿಲ್ಸಾಳ ಕೈಯಲ್ಲಿ ಒಂದು ಮೊಟ್ಟೆ ಚೆಲ್ಲಿದ್ದನ್ನು ನಾನು ಕಂಡಿರಲಿಲ್ಲ. ಅವಳು ಎತ್ತರದ ಹೆಂಗಸು, ಮಾತು ಕಡಿಮೆ. ಗಾರೆ ಕೆಲಸದ ಅಬೆಲ್‌ನನ್ನು ಮದುವೆಯಾಗಿ ನಮ್ಮ ಬೀದಿಗೆ ಬಂದಳು, ನಾಸಿರಾ ಎಂಬ ಮಗಳನ್ನು ಹೆತ್ತಳು, ಅಬೆಲ್ ಸತ್ತ ಮೇಲೂ ಅದೇ ಒಲೆಯ ಮುಂದೆ ನಿಂತಳು. ಬೀದಿಯವರಿಗೆಲ್ಲ ಅವಳು 'ನಿನ್ಯಾ ಎದಿಲ್ಸಾ'. ನಿನ್ಯಾ ಎಂದರೆ ಹುಡುಗಿ, ನಮ್ಮಲ್ಲಿ ಗೌರವದ ಹೆಂಗಸರನ್ನು ಮುದುಕಿಯಾದರೂ ಹಾಗೆಯೇ ಕರೆಯುತ್ತೇವೆ.

ನಾನು ದಾಗೊಬೆರ್ಟೊ ಪೋಲೊ. 'ಗುಡುಗುಹುಂಜ' ಎಂಬ ಪಿಕೊದ ಒಡೆಯ. ಪಿಕೊ ಎಂದರೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ. ಬೀದಿಯಲ್ಲಿ ನಿಲ್ಲಿಸಿ ಹಾಡು ಹಾಕಿದರೆ ಎದುರು ಮನೆಯ ಗಾಜು ನಡುಗಬೇಕು, ಕುಣಿಯುವವನ ಕರುಳು ನಡುಗಬೇಕು. ನನ್ನ ಪೆಟ್ಟಿಗೆಯ ಮೇಲೆ ಕೊಕ್ಕಿನಲ್ಲಿ ಮಿಂಚು ಕಚ್ಚಿದ ಹುಂಜದ ಚಿತ್ರವಿದೆ. ಅದರಷ್ಟು ಜಂಬ ಈ ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಇತ್ತು, ಅದು ಯಾರೆಂದು ಹೇಳಬೇಕಾಗಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಬೇರೆ ಪಿಕೊದ ಬಳಿ ಇಲ್ಲದ ಹಾಡು ನಿನ್ನ ಬಳಿ ಇದ್ದರೆ ನೀನು ರಾಜ. ಹಾಗಾಗಿ ಬಂದರಿನಲ್ಲಿ ಒಳ್ಳೆಯ ಗ್ರಾಮಫೋನ್ ಪ್ಲೇಟು ಸಿಕ್ಕ ಕೂಡಲೇ, ಪಕ್ಕದವನು ಕತ್ತು ಚಾಚಿ ಓದುವ ಮೊದಲೇ, ನಡುವಿನ ಲೇಬಲ್ಲನ್ನು ಬೀಗದ ಕೈಯಿಂದ ಕೆರೆದು ಹಾಕಬೇಕು. ಹಾಡಿನ ಹೆಸರು, ಹಾಡಿದವರ ಹೆಸರು, ಕಂಪನಿ, ಏನೂ ಉಳಿಯಕೂಡದು. ಯಾರಾದರೂ ಕೇಳಿದರೆ ಸುಳ್ಳು ಹೇಳಬೇಕು. ಎದುರಾಳಿ ಆ ಸುಳ್ಳಿನ ಜಾಡು ಹಿಡಿದು ಇಲ್ಲದ ಊರಿನಲ್ಲಿ ಇಲ್ಲದ ಗಾಯಕಿಯನ್ನು ಹುಡುಕುತ್ತ ವರ್ಷ ಕಳೆಯಬೇಕು. ಮೊದಲು ಕೆರೆ, ಆಮೇಲೆ ಕೇಳು, ಎಂದು ನನಗೆ ಕಸುಬು ಕಲಿಸಿದವನು ಹೇಳಿದ್ದ. ನಾನು ಅದನ್ನು ವೇದವಾಕ್ಯ ಮಾಡಿಕೊಂಡೆ.

೧೯೮೧ರಲ್ಲಿ ಬಂದರಿನ ಒಬ್ಬ ದಲ್ಲಾಳಿಯಿಂದ ಒಂದು ಚಿಕ್ಕ ಪ್ಲೇಟು ಕೊಂಡೆ. "ಪೋರ್ಟೊ ರಿಕೊ ಮಾಲು, ಕೊಂಪಾದ್ರೆ, ಹಡಗಿಂದ ಈಗ ಇಳೀತು," ಎಂದ. ಅವನ ಮಾತು ನಂಬಿದೆ, ಅಲ್ಲೇ ನಿಂತು ಕೆರೆದೆ. ಮನೆಗೆ ತಂದು ಪ್ಲೇಯರ್ ಮೇಲೆ ಇಟ್ಟೆ. ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಿಸುವ ಪ್ಲೇಟುಗಳಿವೆ, ಮೂವತ್ಮೂರು ಸುತ್ತಿನವೂ ಇವೆ. ನಮ್ಮ ಕಡೆ ಚಿಕ್ಕ ಪ್ಲೇಟುಗಳು ಎರಡು ಬಗೆಯಲ್ಲೂ ಬರುತ್ತಿದ್ದವು. ಯಾವುದೆಂದು ಲೇಬಲ್ಲಿನ ಮೇಲೆ ಬರೆದಿರುತ್ತದೆ. ಆ ಬರಹ ನನ್ನ ಬೀಗದ ಕೈಯ ತುದಿಯಲ್ಲಿ ಪುಡಿಯಾಗಿ ಅಂಟಿಕೊಂಡಿತ್ತು. ಗುಂಡಿ ಮೂವತ್ಮೂರಕ್ಕೆ ಇತ್ತು. ಹಾಗೆಯೇ ಮುಳ್ಳು ಇಳಿಸಿದೆ.

ಏನು ಬಂತು ಎಂದು ಹೇಗೆ ಹೇಳಲಿ. ಒಂದು ಹೆಣ್ಣಿನ ದನಿ. ಆಳವಾದದ್ದು, ದಪ್ಪನೆಯದು, ಯಾವ ಅವಸರವೂ ಇಲ್ಲದ್ದು. ಹಿಂದೆ ಡೋಲು ಭಾರವಾದ ಹೆಜ್ಜೆ ಇಡುತ್ತಿತ್ತು. ಆ ದನಿ ಹೇಳುತ್ತಿತ್ತು:

ಹೋಗುವುದಾದರೆ ಹೋಗು, ಕೊಡೆ ಒಯ್ಯಿ,
ಮಳೆ ನನಗಿರಲಿ.

ನನ್ನ ಹೆಂಡತಿ ನನ್ನನ್ನು ಬಿಟ್ಟುಹೋಗಿ ಆಗ ಆರು ತಿಂಗಳಾಗಿತ್ತು. ಆರು ತಿಂಗಳೂ ನಾನು ಅವಳನ್ನು ಬೈಯುತ್ತ, ಅವಳ ಅಣ್ಣಂದಿರ ಮನೆಯ ಮುಂದೆ ಪಿಕೊ ತಿರುಗಿಸಿ ರಂಪ ಮಾಡುತ್ತ ಕಳೆದಿದ್ದೆ. ಆ ಮಧ್ಯಾಹ್ನ ಹಾಡು ಮುಗಿಯುವ ಹೊತ್ತಿಗೆ ನಾನು ನೆಲದ ಮೇಲೆ ಕೂತಿದ್ದೆ, ಅಳುತ್ತಿದ್ದೆ. ಬೈಗುಳ ಮುಗಿದಿತ್ತು. ಹೋದವರನ್ನು ಹೋಗಲು ಬಿಡಬಹುದು, ಬಿಟ್ಟವನು ಸಾಯುವುದಿಲ್ಲ, ಇಷ್ಟನ್ನು ನನಗೆ ಪಾದ್ರಿ ಹೇಳಿದ್ದ, ತಾಯಿ ಹೇಳಿದ್ದಳು, ಕಿವಿಗೆ ಹೋಗಿರಲಿಲ್ಲ. ಗುರುತಿಲ್ಲದ ಒಬ್ಬ ಹೆಂಗಸು ಮೂರೂವರೆ ನಿಮಿಷದಲ್ಲಿ ಹೇಳಿ ಮುಗಿಸಿದಳು. ಮರುದಿನವೇ ಹೆಂಡತಿಯ ಬಟ್ಟೆಗಳನ್ನು ಮಡಿಸಿ ಅವಳ ಅಣ್ಣನ ಮನೆಗೆ ತಲುಪಿಸಿ ಬಂದೆ.

ಆ ಹಾಡನ್ನು ಬೀದಿಯಲ್ಲಿ ಹಾಕಿದ ದಿನ ಕುಣಿಯುತ್ತಿದ್ದ ಮುನ್ನೂರು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತುಬಿಟ್ಟರು. ಎದುರಾಳಿ ಪಿಕೊ 'ನೀಲಿ ಹುಲಿ'ಯ ರುಪೆರ್ಟೊ ಓಡಿ ಬಂದು, "ಯಾರೋ ಇವಳು ದಾಗೊ? ಯಾವೂರವಳು?" ಎಂದ. ನನ್ನ ಬಾಯಲ್ಲಿ ಸುಳ್ಳು ಸಿದ್ಧವಾಗಿಯೇ ಇತ್ತು. "ಪೋರ್ಟೊ ರಿಕೊದವಳು ಕಣೋ. ಗಂಡ ಬಿಟ್ಟುಹೋದ ದಿನ ಈ ಹಾಡು ಹಾಡಿದ್ಲು, ಹಾಡಿ ಹೊರಗೆ ಬಂದು ಮಳೇಲಿ ನಿಂತ್ಲು, ಜ್ವರ ಬಂದು ಸತ್ಲು. ಹುಡುಕ್ಬೇಡ, ಗೋರಿ ಸಿಗುತ್ತೆ ಅಷ್ಟೆ!" ಎಂದೆ. ಅಂದಿನಿಂದ ಅದು 'ಸತ್ತವಳ ಹಾಡು' ಆಯಿತು. ಆ ಹಾಡಿಗಾಗಿ ಸಿನೆಗಾದಿಂದ, ಸೊಲೆದಾದ್‌ನಿಂದ ಜನ ಬರುತ್ತಿದ್ದರು. ಮುರಿದ ಮದುವೆಯವರು, ಓಡಿಹೋದ ಮಕ್ಕಳ ತಾಯಂದಿರು, ಎಲ್ಲರೂ ಬಂದು ಸ್ಪೀಕರಿಗೆ ಹಣೆ ಒತ್ತಿ ನಿಲ್ಲುತ್ತಿದ್ದರು. ಸಂತರ ಮೂರ್ತಿಗೂ ಅಷ್ಟು ಭಕ್ತಿಯಿಂದ ಒರಗಿದ್ದನ್ನು ನಾನು ಕಂಡಿಲ್ಲ.

೧೯೮೩ರಲ್ಲಿ ಎದಿಲ್ಸಾ ನಮ್ಮ ಬೀದಿಗೆ ಬಂದಳು. ಬಂದ ಎರಡನೇ ಭಾನುವಾರ ನಾನು ಆ ಹಾಡು ಹಾಕಿದೆ. ಲಂಗಕ್ಕೆ ಕೈ ಒರೆಸಿಕೊಳ್ಳುತ್ತ ಪಿಕೊದ ಬಳಿಗೆ ಬಂದು ನಿಂತಳು. ಮುಖ ಬಿಳಿಚಿತ್ತು.

"ದೋನ್ ದಾಗೊ, ಆ ಹಾಡು ನಂದು."

"ಎಲ್ಲಾರೂ ಹಾಗೇ ಅಂತಾರೆ ಕಣಮ್ಮ. ಮನಸ್ಸಿಗೆ ಹತ್ತಿದ ಹಾಡು ಎಲ್ಲಾರ್ದೂ."

"ಹಾಗಲ್ಲ. ನಾನೇ ಬರ್ದಿದ್ದು, ನಾನೇ ಹಾಡಿದ್ದು. ಎಪ್ಪತ್ತೇಳರಲ್ಲಿ, ಇಲ್ಲೇ, ಪೇಟೇಲಿ, ಚಪ್ಪಲಿ ಅಂಗಡಿ ಮೇಲಿನ ಕೋಣೇಲಿ. ಆದ್ರೆ ನೀವು ಅದನ್ನ ನಿಧಾನಕ್ಕೆ ಓಡಿಸ್ತಿದೀರ. ನನ್ನ ದನಿ ಹಾಗಿಲ್ಲ."

ಅವಳ ದನಿ ನಿಜಕ್ಕೂ ಹಾಗಿರಲಿಲ್ಲ. ಇಪ್ಪತ್ತೆಂಟರ ಹೆಣ್ಣಿನ ಸಣ್ಣ, ಚೂಪು ದನಿ. ಸುತ್ತ ಜನ ಸೇರಿದ್ದರು. ಕ್ಷೌರಿಕ ಎಪಾರ್ಕಿಯೊ, ನನ್ನ ಬಾಲ್ಯದ ಗೆಳೆಯ, ಕಿಸಕ್ಕೆಂದ. ನನಗೆ ಅಷ್ಟೇ ಸಾಕಾಯಿತು.

"ನೀನು ಆ ಹಾಡು ಹಾಡಿದೋಳಾದ್ರೆ ನಾನು ರೋಮಿನ ಪೋಪು! ನಂಗೆ, ಗುಡುಗುಹುಂಜದ ದಾಗೊಗೆ, ಪ್ಲೇಟು ಯಾವ ವೇಗದ್ದು ಅಂತ ಹೇಳಿಕೊಡಕ್ಕೆ ಬಂದ್ಯಾ? ಹೋಗಮ್ಮ, ಎಣ್ಣೆ ಹೊತ್ತುತ್ತೆ."

ಬೀದಿಯೇ ನಕ್ಕಿತು. ಎಷ್ಟೋ ದಿನ ಹುಡುಗರು ಅವಳನ್ನು 'ಸತ್ತವಳೇ, ಎರಡು ಅರೆಪಾ ಕೊಡು' ಎಂದು ರೇಗಿಸಿದರು. ಹಿತ್ತಲ ಗಿಡ ಮದ್ದಲ್ಲ ನೋಡಿ. ಹಡಗಿನಲ್ಲಿ ಬಂದದ್ದಾದರೆ ಹೆಣವೂ ಪೂಜೆಗೆ ಸಲ್ಲುತ್ತದೆ. ಪಕ್ಕದ ಮನೆಯವಳು ಜೀವಂತ ಎದ್ದು ನಿಂತು ಹೇಳಿದರೂ ಕೇಳುವವರಿಲ್ಲ.

ಒಂದು ಗುಂಡಿ ಒತ್ತಿ ನೋಡಿದ್ದರೆ ಸಾಕಿತ್ತು. ಅವಳು ಹೇಳಿದ್ದು ನಿಜವೋ ಸುಳ್ಳೋ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಆ ಸಂಜೆ ಒಬ್ಬನೇ ಇದ್ದಾಗ ಬೆರಳು ಗುಂಡಿಯ ತನಕ ಹೋಗಿತ್ತು ಕೂಡ. ಒತ್ತಲಿಲ್ಲ. ಜಂಬ ಅಂತ ಎಲ್ಲರೂ ಹೇಳುತ್ತಾರೆ, ಇರಲಿ, ಜಂಬವೂ ಹೌದು. ಆದರೆ ನನಗೆ ಹೆದರಿಕೆಯಾಗಿತ್ತು. ನನ್ನನ್ನು ನೆಲದಿಂದ ಎಬ್ಬಿಸಿದ ಆ ದನಿ ಎಲ್ಲೂ ಇಲ್ಲ, ಒಂದು ಗುಂಡಿಯ ತಪ್ಪಿನಿಂದ ಹುಟ್ಟಿದ್ದು, ಎಂದು ತಿಳಿದರೆ ನಾನು ಮತ್ತೆ ಎಲ್ಲಿಗೆ ಬೀಳುತ್ತಿದ್ದೆನೋ.

ಅವಳ ಕಥೆಯನ್ನು ನಾನು ಕೇಳಿದ್ದು ಬಹಳ ತಡವಾಗಿ, ಮಗಳು ನಾಸಿರಾಳ ಬಾಯಿಂದ. ಇಲ್ಲೇ ಹೇಳಿಬಿಡುತ್ತೇನೆ. ಎದಿಲ್ಸಾಗೆ ಇಪ್ಪತ್ತೆರಡಾಗಿದ್ದಾಗ ನಿಕಾನೋರ್ ಎಂಬ ಬಸ್ ಡ್ರೈವರನೊಡನೆ ಮದುವೆ ನಿಶ್ಚಯವಾಗಿತ್ತು. ಒಂದು ದಿನ ಅವನು ಬೇರೊಬ್ಬಳೊಂದಿಗೆ ವೆನೆಜುವೆಲಾಕ್ಕೆ ಹೊರಟ. ಹೇಳಿ ಹೋಗಲು ಬಂದಾಗ ಮಳೆ. ನಮ್ಮೂರ ಮಳೆ ಎಂದರೆ ಬೀದಿಗಳೇ ಹೊಳೆಯಾಗಿ ಕಾರುಗಳನ್ನು ಹೊತ್ತೊಯ್ಯುವ ಮಳೆ. ಮನೆಯಲ್ಲಿದ್ದ ಒಂದೇ ಕೊಡೆಯನ್ನು ಅವಳು ಅವನಿಗೆ ಕೊಟ್ಟು ಕಳಿಸಿದಳು. ಹಾಡು ಬರೆದಳು. ಓಣಿಯ ಒಬ್ಬ ತುತ್ತೂರಿಯವನು ಅವಳನ್ನು ಚಿಕ್ಕ ಕಂಪನಿಯೊಂದಕ್ಕೆ ಕರೆದೊಯ್ದ. ಆಗ ಪಾಪ್ ಹಾಡುಗಾರ್ತಿಯರ ಕಾಲ. ಕಂಪನಿಯವನು, "ಚೆಂದ ಇದೆ ಮಗಳೇ, ಆದ್ರೆ ಗೋಳು ಯಾರಿಗೆ ಬೇಕು? ಬೇಗ ಹಾಡು, ಕುಣಿಯೋ ಹಾಗಿರ್ಲಿ," ಎಂದು ಲಗುಬಗೆಯಿಂದ ಹಾಡಿಸಿದ. ಪ್ಲೇಟುಗಳನ್ನು ಕೆಳಗಿನ ಚಪ್ಪಲಿ ಅಂಗಡಿಯಲ್ಲಿ ಪೇರಿಸಿಟ್ಟಿದ್ದರು. ಮರುವಾರದ ಮಳೆಗೆ ಬೀದಿ ಹೊಳೆಯಾಗಿ ಅಂಗಡಿಗೆ ನುಗ್ಗಿತು. ಚಪ್ಪಲಿ, ಪ್ಲೇಟು ಎಲ್ಲ ಮಗ್ದಲೇನಾ ನದಿಗೆ ಹೋದವು. ಅಲ್ಲಿ ಇಲ್ಲಿ ಹಂಚಿದ್ದ ನಾಲ್ಕಾರು ಉಳಿದವು. ಅದರಲ್ಲೊಂದು ನನ್ನ ಕೈ ಸೇರಿತು. ಅವಳ ಬಳಿ ಒಂದೂ ಇರಲಿಲ್ಲ.

ಆ ಭಾನುವಾರದ ನಂತರ ಅವಳು ಇಪ್ಪತ್ತಾರು ವರ್ಷ ಆ ಮಾತೆತ್ತಲಿಲ್ಲ. ನನ್ನ ಮೇಲೆ ಮುನಿಸೂ ಇಟ್ಟುಕೊಳ್ಳಲಿಲ್ಲ. ನಾನು ಹಾಡು ಹಾಕುತ್ತಿದ್ದೆ, ನಾಲ್ಕು ಬಾಗಿಲಾಚೆ ಅವಳು ಅರೆಪಾ ತಿರುವುತ್ತಿದ್ದಳು. ಅವಳೊಳಗೆ ಏನಾಗುತ್ತಿತ್ತೋ, ನಾನು ಕೇಳಲಿಲ್ಲ. ನಾನಾಗಿದ್ದರೆ ಆ ಪೆಟ್ಟಿಗೆಗೆ ಬೆಂಕಿ ಇಡುತ್ತಿದ್ದೆ.

೨೦೦೯ರ ಕಾರ್ನಿವಲ್ಲಿನ ಶುಕ್ರವಾರ ಬೆಳಿಗ್ಗೆ ಅರೆಪಾಕ್ಕೆ ಹೋದೆ. ಅವಳಿಗೆ ಐವತ್ನಾಲ್ಕು. ಕುತ್ತಿಗೆಗೆ ಬಟ್ಟೆ ಸುತ್ತಿದ್ದಳು.

"ದೋನ್ ದಾಗೊ, ಗುರುವಾರ ನನ್ನ ಕತ್ತು ಕುಯ್ತಾರೆ," ಎಂದಳು, ಪಿಸುಗುಟ್ಟುವ ಹಾಗೆ.

"ಯಾರು, ಮೂಲೆ ಅಂಗಡಿ ಕಟುಕನಾ? ಬೆಲೆ ಮಾತಾಡ್ಕೊಂಡ್ಯಾ?"

ನಕ್ಕಳು. ಬಟ್ಟೆ ಸರಿಸಿ ತೋರಿಸಿದಳು. ನಿಂಬೆಹಣ್ಣಿನಷ್ಟು ಗಂಟು.

"ಡಾಕ್ಟ್ರು. ಗಂಟು ದನಿಯ ನರಕ್ಕೆ ಸುತ್ಕೊಂಡಿದೆಯಂತೆ. ತೆಗೀದೆ ಇದ್ರೆ ಜೀವಕ್ಕೆ ಕಷ್ಟ. ತೆಗೆದ್ರೆ ದನಿ ಹೋದ್ರೂ ಹೋಗಬಹುದು ಅಂದ್ರು." ಅರೆಪಾ ತಿರುವಿದಳು. "ಮಂಗಳವಾರ ಹೊಸೆಲಿಟೊ ವೇಷದೋನ ಮಣ್ಣಿಗೆ ಆ ಹಾಡು ಹಾಕ್ತೀರಲ್ಲ. ಹಾಕೋಕೆ ಮುಂಚೆ ಒಂದೇ ಒಂದ್ಸಲ ನನ್ನ ಹೆಸರು ಹೇಳ್ತೀರಾ? ಎದಿಲ್ಸಾ ಚಾರಿಸ್ ಹಾಡಿದ್ದು ಅಂತ. ಅಷ್ಟೇ. ಗಂಟಲಲ್ಲಿ ದನಿ ಇರೋವಾಗ್ಲೇ ಒಂದ್ಸಲ ಕೇಳಿಸ್ಕೊಂಡು ಹೋಗ್ಬೇಕು ಅನ್ಸುತ್ತೆ."

ಅವಳು ನನ್ನಲ್ಲಿ ಕೇಳಿದ್ದು ಎರಡು ಪದ. ನನಗೆ ಕಂಡದ್ದು ರುಪೆರ್ಟೊನ ಹಲ್ಲು. ಗುಡುಗುಹುಂಜ ಇಪ್ಪತ್ತೆಂಟು ವರ್ಷ ಸುಳ್ಳು ಕೂಗಿತು ಎಂದು ಅವನು ಊರೆಲ್ಲ ಡಂಗುರ ಹೊಡೆಯುವುದು ಕಂಡಿತು.

"ನಿನ್ಯಾ, ಆ ಹೆಂಗಸು ಸತ್ತಿದಾಳೆ," ಎಂದೆ.

"ಸಾಯಿಸಿದ್ದು ನೀವೇ."

"ಸಾಕ್ಷಿ ಏನಿದೆ ನಿನ್ನ ಹತ್ರ? ಒಂದು ಪ್ಲೇಟು? ಒಂದು ಫೋಟೊ?"

"ಏನೂ ಇಲ್ಲ. ಹೊಳೆಗೆ ಹೋಯ್ತು." ಜಾಲರಿ ಸೌಟು ಎಣ್ಣೆಗೆ ಇಳಿಸಿದಳು. "ಆಯ್ತು ಬಿಡಿ, ದೋನ್ ದಾಗೊ. ತಗೊಳ್ಳಿ, ಬಿಸಿ ಇದೆ." ಎರಡು ಅರೆಪಾ ಕಾಗದದಲ್ಲಿ ಸುತ್ತಿ ಕೊಟ್ಟಳು. ಎರಡನ್ನೂ ತಿಂದೆ. ನನ್ನಂಥವನ ಹಸಿವಿಗೆ ನಾಚಿಕೆ ಎಂಬುದಿಲ್ಲ.

ಮಂಗಳವಾರ ಬಂತು. ಹೊಸೆಲಿಟೊ ಎಂದರೆ ಕಾರ್ನಿವಲ್ಲಿಗೆ ಹಾಕುವ ಒಂದು ವೇಷ. ನಾಲ್ಕು ದಿನ ಕುಡಿದು ಕುಣಿದ ಅವನು ಕೊನೆಯ ದಿನ ಸಾಯಬೇಕು, ಅದು ಸಂಪ್ರದಾಯ. ಪ್ರತಿ ಬೀದಿಗೂ ಒಬ್ಬ ಹೊಸೆಲಿಟೊ, ಒಂದು ಶವಪೆಟ್ಟಿಗೆ, ಹತ್ತು ವಿಧವೆಯರು. ವಿಧವೆಯರೆಲ್ಲ ಕರಿ ಲಂಗ ತೊಟ್ಟ ಗಂಡಸರೇ. ನಮ್ಮ ಬೀದಿಯ ಹಿರಿ ವಿಧವೆ ಎಪಾರ್ಕಿಯೊ. ಎರಡು ಕಿತ್ತಳೆಯನ್ನು ಎದೆಗೆ ಕಟ್ಟಿ, ಮೀಸೆಯ ಮೇಲೆ ಕರಿ ಪರದೆ ಇಳಿಬಿಟ್ಟು, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಬೀದಿಯ ಟಾರಿನ ಮೇಲೆ ಹೊರಳಾಡುತ್ತಿದ್ದ.

"ಅಯ್ಯೋ ನನ್ನ ಹೊಸೆಲಿಟೊ! ಹನ್ನೊಂದು ಮಕ್ಕಳು ಕೊಟ್ಟು ಹೊರಟ್ಯಲ್ಲೋ! ಅದ್ರಲ್ಲಿ ಒಂದಾದ್ರೂ ನಿನ್ನ ಹಾಗೆ ಕಾಣುತ್ತೇನೋ!"

ಇನ್ನೊಬ್ಬ ವಿಧವೆ, "ನಿನ್ನ ಹಾಗೂ ಕಾಣಲ್ಲ ಕಣೇ!" ಎಂದ. ಬೀದಿ ತುಂಬ ಜನ, ನಗು. ರುಪೆರ್ಟೊ ಕೂಡ ಬಂದಿದ್ದ. ಎದಿಲ್ಸಾ ಒಲೆಯ ಮುಂದಿದ್ದಳು, ನಾಸಿರಾ ಪಕ್ಕದಲ್ಲಿ ಮೊಟ್ಟೆ ಒಡೆಯುತ್ತಿದ್ದಳು. ಶವಪೆಟ್ಟಿಗೆ ಪಿಕೊದ ಮುಂದೆ ಬಂದು ನಿಂತಿತು. ಈಗ ಸತ್ತವಳ ಹಾಡಿನ ಸರದಿ. ನಾನು ಮೈಕು ಎತ್ತಿಕೊಂಡೆ. ಎದಿಲ್ಸಾ ತಲೆಯೆತ್ತಿ ನೋಡಿದಳು. ನನ್ನ ನಾಲಗೆಯ ಮೇಲೆ ಅವಳ ಹೆಸರು ಬಂದಿತ್ತು, ದೇವರಾಣೆ ಬಂದಿತ್ತು.

"ಪೋರ್ಟೊ ರಿಕೊದ ಹೆಣ್ಣು," ಎಂದೆ. "ಮಳೇಲಿ ನಿಂತು ಸತ್ತೋಳು."

ಅವಳು ತಲೆ ತಗ್ಗಿಸಿ ಅರೆಪಾಕ್ಕೆ ಸೀಳು ಹಾಕಿದಳು.

ಮುಳ್ಳು ಇಳಿಸಿದೆ. ಡೋಲು ಭಾರವಾಗಿ ಹೆಜ್ಜೆ ಇಟ್ಟಿತು, ಆ ದನಿ ಎದ್ದಿತು. ಅಣಕದ ವಿಧವೆಯರೂ ಸುಮ್ಮನಾದರು. ಪ್ರತಿ ವರ್ಷ ಆಗುವುದು ಹೀಗೆಯೇ, ಈ ಹೊತ್ತಿಗೆ ಆಟ ಮುಗಿದು ಪ್ರತಿಯೊಬ್ಬರೂ ತಮ್ಮ ತಮ್ಮ ಹೆಣದ ಮುಂದೆ ನಿಲ್ಲುತ್ತಾರೆ. ಎರಡನೇ ಬಾರಿ, 'ಹೋಗುವುದಾದರೆ ಹೋಗು' ಎಂಬಲ್ಲಿಗೆ ಬಂತು. ಆಗ ಕರೆಂಟು ಹೋಯಿತು.

ಅದೇನು ಹೊಸದಲ್ಲ. ಊರಿನ ಪಿಕೊಗಳೆಲ್ಲ ಒಟ್ಟಿಗೆ ಕಿರುಚುವ ದಿನ ತಂತಿ ಎಷ್ಟೆಂದು ತಡೆದೀತು. ಸ್ಪೀಕರ್ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಪ್ಲೇಟು ನನ್ನ ಕಣ್ಣೆದುರೇ ನಿಂತಿತು. ನಾನು ಬೈಯಲು ಬಾಯಿ ತೆರೆದೆ.

'ಕೊಡೆ ಒಯ್ಯಿ,' ಎಂದಿತು ಆ ದನಿ. 'ಮಳೆ ನನಗಿರಲಿ.'

ನಾನು ಪ್ಲೇಟು ನೋಡಿದೆ. ನಿಂತೇ ಇತ್ತು. ಮುಳ್ಳಿನ ಮೇಲೆ ನನ್ನ ಬೆರಳಿತ್ತು. ದನಿ ಮಾತ್ರ ನಡೆದೇ ಇತ್ತು. ಅದೇ ಆಳ, ಅದೇ ದಪ್ಪ, ಅದೇ ಅವಸರವಿಲ್ಲದ ನಡೆ. ಡೋಲಿರಲಿಲ್ಲ, ತುತ್ತೂರಿಯಿರಲಿಲ್ಲ, ಬರೀ ದನಿ. ಜನರೆಲ್ಲ ನನ್ನ ಸ್ಪೀಕರನ್ನೇ ನೋಡುತ್ತಿದ್ದರು. ಎಪಾರ್ಕಿಯೊ ಪರದೆ ಎತ್ತಿ ಶಿಲುಬೆಯ ಗುರುತು ಮಾಡಿಕೊಂಡ. ರುಪೆರ್ಟೊ ಮೆಲ್ಲಗೆ, "ದಾಗೊ, ನಿನ್ನ ಹುಂಜ ಕರೆಂಟಿಲ್ದೆ ಕೂಗ್ತಿದೆಯಲ್ಲೋ," ಎಂದ. ಅವನ ದನಿಯಲ್ಲಿ ಹಾಸ್ಯವಿರಲಿಲ್ಲ.

ಮೊದಲು ತಿರುಗಿ ನೋಡಿದ್ದು ಒಲೆಯ ಹತ್ತಿರ ಇದ್ದವರು. ಆಮೇಲೆ ಅವರ ಹಿಂದಿನವರು. ಹಾಗೆಯೇ ಬೀದಿಯ ಮುಖವೆಲ್ಲ ನನ್ನ ಪಿಕೊದಿಂದ ಹೊರಳಿ ಅತ್ತ ತಿರುಗಿತು. ಎದಿಲ್ಸಾ ಕೈಯಲ್ಲಿ ಜಾಲರಿ ಸೌಟು ಹಿಡಿದು ನಿಂತಿದ್ದಳು. ಕಣ್ಣು ಎಣ್ಣೆಯ ಮೇಲಿತ್ತು. ಹಾಡುತ್ತಿದ್ದಳು.

ನಾನು ಏನು ಕಂಡೆ, ಏನು ಕೇಳಿದೆ, ಇವತ್ತಿಗೂ ನನಗೆ ಪೂರ್ತಿ ನಂಬಿಕೆಯಿಲ್ಲ. ನನ್ನ ಪ್ಲೇಯರಿನ ತಪ್ಪು ಗುಂಡಿ ಒಂದು ದನಿಯನ್ನು ಹುಟ್ಟಿಸಿತ್ತು. ಲೋಕದಲ್ಲಿ ಆ ದನಿಯ ಹೆಂಗಸು ಇರಲೇ ಇಲ್ಲ. ಇಪ್ಪತ್ತೆರಡರ ಹುಡುಗಿಯ ಚೂಪು ದನಿಯನ್ನು ನಾನು ತಗ್ಗಿಸಿ, ದಪ್ಪ ಮಾಡಿ, ನಿಧಾನ ಮಾಡಿ ಊರಿಗೆ ಕೇಳಿಸಿದ್ದೆ. ಆ ಹುಡುಗಿ ಗಂಡನನ್ನು ಹೂತು, ಮಗಳನ್ನು ಬೆಳೆಸಿ, ಇಪ್ಪತ್ತಾರು ವರ್ಷ ಒಲೆಯ ಹೊಗೆ ಕುಡಿದು, ಗಂಟು ಹೊತ್ತು, ನನ್ನ ನಗೆಯನ್ನು ನುಂಗಿ, ಒಂದೊಂದೇ ಮೆಟ್ಟಿಲು ಇಳಿದು, ಸರಿಯಾಗಿ ಅಲ್ಲಿಗೇ ಬಂದು ನಿಂತಿದ್ದಳು. ದಿನಾ ಅವಳ ಮುಂದೆ ನಿಂತವನಿಗೆ ಅದು ಕೇಳಿಸಿರಲಿಲ್ಲ, ಏಕೆಂದರೆ ಅವಳು ಮಾತನಾಡುತ್ತಿದ್ದುದೇ ಪಿಸುಮಾತಿನಲ್ಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನನಗೆ ಬೇಕಾಗಿತ್ತು.

ಹಾಡು ಪ್ಲೇಟಿನಲ್ಲಿ ಮುಗಿಯುವಲ್ಲಿಗೆ ಬಂತು. ಜನ ಉಸಿರು ಬಿಟ್ಟರು. ಅವಳು ನಿಲ್ಲಿಸಲಿಲ್ಲ. ಯಾರೂ ಕೇಳಿರದ ಇನ್ನೊಂದು ಚರಣ ಎತ್ತಿಕೊಂಡಳು:

ಕೊಡೆ ಹೋಯಿತು, ನೀನೂ ಹೋದೆ, ನಾನು ನೆನೆದೆ.
ನೆನೆದ ಮೇಲೆ ತಿಳಿಯಿತು,
ಮಳೆ ಯಾರನ್ನೂ ಕೊಲ್ಲುವುದಿಲ್ಲ.

ಹಾಡು ಮುಗಿದ ಮೇಲೆ ಬೀದಿಯಲ್ಲಿ ಎಣ್ಣೆಯ ಸದ್ದು ಮಾತ್ರ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬೇಕೆಂದು ಹೊಳೆಯಲೇ ಇಲ್ಲ. ಎಲ್ಲರೂ ನನ್ನತ್ತ ತಿರುಗಿದರು, ಏಕೆಂದರೆ ಇದೇನೆಂದು ಹೇಳಬೇಕಾದವನು ನಾನು. ಮೈಕು ಸತ್ತಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನನ್ನದು. ಆಗಲೂ ಏನಾದರೊಂದು ಹೊಂದಿಸಿ ಹೇಳಬಹುದಿತ್ತು. ಆದರೆ ಗುರುವಾರಕ್ಕೆ ಎರಡೇ ದಿನವಿತ್ತು. ಸ್ಪೀಕರ್ ಪೆಟ್ಟಿಗೆಯ ಮೇಲೆ ಹತ್ತಿದೆ, ಹುಂಜದ ತಲೆಯ ಮೇಲೆ ಕಾಲಿಟ್ಟು ನಿಂತೆ, ಗಂಟಲು ಹರಿಯುವಂತೆ ಕೂಗಿದೆ.

"ಎದಿಲ್ಸಾ ಚಾರಿಸ್! ಈ ಹಾಡು ಬರ್ದಿದ್ದು ಎದಿಲ್ಸಾ ಚಾರಿಸ್! ಹಾಡಿದ್ದು ಎದಿಲ್ಸಾ ಚಾರಿಸ್! ಪೋರ್ಟೊ ರಿಕೊ ಅಲ್ಲ, ರೆಬೋಲೊ! ಸತ್ತಿಲ್ಲ! ನಾನು ಅವಳ ಹೆಸರು ಕೆರೆದು ಹಾಕ್ದೆ, ನಾನು ಸುಳ್ಳು ಹೇಳ್ದೆ, ಅವಳು ನಿಜ ಹೇಳಿದಾಗ ನಾನು ನಕ್ಕೆ!"

ರುಪೆರ್ಟೊ ಈಗ ನಗುತ್ತಾನೆ ಎಂದುಕೊಂಡೆ. ಅವನು ಟೊಪ್ಪಿ ತೆಗೆದ. ಶವಪೆಟ್ಟಿಗೆಯಲ್ಲಿ ಸತ್ತು ಮಲಗಿದ್ದ ಹೊಸೆಲಿಟೊ ಎದ್ದು ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಎಪಾರ್ಕಿಯೊ ಲಂಗ ಎತ್ತಿಕೊಂಡು ಓಡಿ, ಒಲೆಯ ಮುಂದೆ ಮಂಡಿಯೂರಿ, ಒಂದು ಕಿತ್ತಳೆ ಉರುಳಿಹೋದದ್ದೂ ಗೊತ್ತಿಲ್ಲದೆ, "ನಿನ್ಯಾ, ಆವತ್ತು ಕಿಸಕ್ಕಂದೋನು ನಾನೇ, ಕ್ಷಮಿಸಿಬಿಡಿ," ಎಂದ. ಎದಿಲ್ಸಾ ಅವನ ತಲೆಯ ಮೇಲೆ ಹಿಟ್ಟಿನ ಕೈ ಇಟ್ಟಳು. ನಾನು ಇಳಿದು ಹತ್ತಿರ ಹೋದೆ. ಎಣ್ಣೆಯಲ್ಲಿ ಒಂದು ಅರೆಪಾ ಬಾಯಿ ಬಿಟ್ಟು ಮೊಟ್ಟೆಯೆಲ್ಲ ಚೆಲ್ಲಿ ನೊರೆಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಕಂಡ ಮೊದಲನೆಯದು.

"ಆ ಕೊನೆ ಚರಣ ಪ್ಲೇಟಲ್ಲಿ ಇಲ್ವಲ್ಲ, ನಿನ್ಯಾ," ಎಂದೆ.

"ಆಗ ನಂಗೆ ಗೊತ್ತಿರ್ಲಿಲ್ಲ ಅದು," ಎಂದಳು. "ಕರೀತಾ ಕರೀತಾ ಬಂತು."

ಗುರುವಾರ ಕೊಯ್ದರು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಕಿವಿ ಹತ್ತಿರ ತಂದರೆ ಮಾತ್ರ ಕೇಳುವ ಗಾಳಿ. ಬೀದಿಯವರೆಲ್ಲ ಅತ್ತರು. ಅವಳು ಅಳಲಿಲ್ಲ. ಎರಡು ತಿಂಗಳಿಗೆ ಮತ್ತೆ ಒಲೆ ಹಚ್ಚಿದಳು. ಗಿರಾಕಿಗಳು ಎಷ್ಟು ಬೇಕೆಂದು ಬೆರಳೆತ್ತಿ ತೋರಿಸುವುದನ್ನು ಕಲಿತರು, ಅವಳಿಗೇನೋ ಕಿವಿ ಹೋಗಿದೆ ಎನ್ನುವ ಹಾಗೆ. ಅವಳು ಅದನ್ನು ನೋಡಿ ಸದ್ದಿಲ್ಲದೆ ನಗುತ್ತಿದ್ದಳು.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅವಳನ್ನು ಮನೆಗೆ ಕರೆದೆ. ಪಿಕೊ ಅಲ್ಲ, ಕೋಣೆಯ ಚಿಕ್ಕ ಪ್ಲೇಯರ್. ಆ ಪ್ಲೇಟಿಗೆ ಇಪ್ಪತ್ತೆಂಟು ವರ್ಷ ಒತ್ತದ ಗುಂಡಿಯನ್ನು ನಲವತ್ತೈದಕ್ಕೆ ಒತ್ತಿದೆ. ಮುಳ್ಳು ಇಳಿಸಿದೆ.

ಒಂದು ಹುಡುಗಿ ಹಾಡಿದಳು. ಚುರುಕು, ತೆಳು, ಗೆಜ್ಜೆ ಕಟ್ಟಿದಂತೆ ಕುಣಿಯುವ ದನಿ. ಚೆಂದವಿತ್ತು, ಇಲ್ಲವೆನ್ನಲಾರೆ. ಎದಿಲ್ಸಾ ಮೊಣಕಾಲ ಮೇಲೆ ಕೈಯಿಟ್ಟು ಕೂತು ಕೇಳಿದಳು. ತನ್ನ ಆ ದನಿಯನ್ನು ಅವಳು ಕೇಳಿ ಮೂವತ್ತು ವರ್ಷ ಮೀರಿತ್ತು. ಅದನ್ನು ಅವಳಿಗೆ ಹಿಂದಿರುಗಿಸಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಹಾಡು ಮುಗಿಯಿತು. ಅವಳು ಕೈ ಮಾಡಿ ಕರೆದಳು. ಬಗ್ಗಿ ಕಿವಿ ಕೊಟ್ಟೆ.

"ಪಾಪದ ಹುಡುಗಿ," ಎಂದಿತು ಆ ಗಾಳಿ. "ಕೊಡೆ ಒಯ್ಯಿ ಅಂತಾಳೆ. ಕೊಡೆ ಹಿಡಿಕೆ ಬಿಟ್ಟೇ ಇಲ್ಲ."

ನನ್ನ ತೋಳು ತಟ್ಟಿದಳು. ಇಷ್ಟು ವರ್ಷ 'ದೋನ್' ಹಚ್ಚಿ, ನೀವು ಎಂದು ಕರೆದವಳು.

"ನಿಧಾನ ಮಾಡು ದಾಗೊ. ನಂದು ಹಾಕು."

ಗುಂಡಿ ಒತ್ತಿದೆ. ಭಾರವಾದ ಹೆಜ್ಜೆ, ಆಳದ ದನಿ. ಅವಳು ಕಣ್ಣು ಮುಚ್ಚಿ ತುಟಿಯಾಡಿಸಿದಳು. ಕೋಣೆಯಲ್ಲಿ ಹಾಡುತ್ತಿದ್ದುದು ಪ್ಲೇಟೋ ಅವಳೋ ಎಂದು ನೋಡುವ ಗೋಜಿಗೆ ನಾನು ಹೋಗಲಿಲ್ಲ. ನನ್ನ ಕಣ್ಣು ಮಂಜಾಗಿತ್ತು.

ಅವಳು ಹೋದ ಮೇಲೆ ಬಿಳಿ ಕಾಗದ ದುಂಡಗೆ ಕತ್ತರಿಸಿ, ನಾನು ಕೆರೆದ ಜಾಗಕ್ಕೆ ಅಂಟಿಸಿದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಎದಿಲ್ಸಾ ಚಾರಿಸ್ ಎಂದು ಬರೆದೆ. ವೇಗ ಬರೆಯುವ ಜಾಗದಲ್ಲಿ ಮೂವತ್ಮೂರು ಎಂದು ಬರೆದೆ.